ಹಣೆಗೆ ಬಿಗಿದ ಹೊರೆಪಟ್ಟಿ

"ಪಾದ್ರಿಗಳ ಯಾವ ಗುರುಮಠದಲ್ಲಿ ಪೆಟ್ಟಿಗೇನ ಹಣೆಯಿಂದ ಎತ್ತೋಕೆ ಹೇಳ್ಕೊಡ್ತಾರೋ, ಸೂಳೆಮಗನೆ?"

ನಾಕಾದ ಕ್ಯಾಪ್ಟನ್ ಹೀಗೆ ಕೇಳಿದಾಗಲೇ ನನ್ನ ಘನಕಾರ್ಯ ನನಗೆ ತಿಳಿದದ್ದು. ತಪಾಸಣೆಗೆಂದು ನಮ್ಮ ಜೀಪಿನಿಂದ ಬಿಷಪರ ಪೂಜೆಪೆಟ್ಟಿಗೆ ಇಳಿಸು ಎಂದಿದ್ದ. ಪಾದ್ರಿಯಾದವನು ಅದನ್ನು ಎರಡು ಕೈಯಲ್ಲಿ ತಬ್ಬಿ ಏದುಸಿರು ಬಿಡಬೇಕು. ನಾನು ಹಗ್ಗದ ಪಟ್ಟಿಯನ್ನು ಹಣೆಗೆ ಸಿಕ್ಕಿಸಿ, ಸೊಂಟ ಬಗ್ಗಿಸಿ, ಸಲೀಸಾಗಿ ಬೆನ್ನಿಗೇರಿಸಿಬಿಟ್ಟಿದ್ದೆ. ನಮ್ಮ ಕಯಾ ಬೆಟ್ಟದ ಕೂಲಿಗಳೆಲ್ಲ ಹೊರುವುದು ಹಾಗೆ. ಹುಟ್ಟುಗುಣ ಸುಟ್ಟರೂ ಹೋಗದು.

ಮೈಮೇಲಿದ್ದ ಬಿಳಿ ನಿಲುವಂಗಿ ಬಿಷಪ್ ಥೇ ರೆ ಅವರದೇ ಹಳೆಯದು. ಸೈನ್ಯದವರು ದಾರಿಯಲ್ಲಿ ಕಂಡ ಗಂಡಸರನ್ನೆಲ್ಲ ಹೊರೆಗೆ ಹಿಡಿಯುತ್ತಾರೆ, ಪಾದ್ರಿಗಳನ್ನು ಬಿಡುತ್ತಾರೆ. ಹೋದ ವರ್ಷ ನನ್ನ ತಮ್ಮ ಬ್ಯಾ ರೆಯನ್ನು ಹಿಡಿದರು, ಅವನು ಮರಳಲಿಲ್ಲ. ಅದಕ್ಕೇ ಬಿಷಪರು ನನಗೆ ಈ ವೇಷ ಹಾಕಿಸಿ ಜೊತೆಗಿಟ್ಟುಕೊಂಡಿದ್ದರು. ಎರಡು ತಿಂಗಳಿಂದ ಮುದುಕಿಯರು ನನ್ನ ಕೈಗೆ ಮುತ್ತಿಡುತ್ತಿದ್ದರು. ನಾನೂ ಬಲು ಗತ್ತಿನಿಂದ ಕೈ ಚಾಚುತ್ತಿದ್ದೆ.

"ಇವನು ನಮ್ಮವನೇ, ಬಿಡಪ್ಪ," ಎಂದರು ಬಿಷಪರು.

"ಬಾಯ್ಮುಚ್ಚಯ್ಯ ಮುದುಕ! ಸುಳ್ಳು ಹೇಳಿದ್ರೆ ನಿಮ್ ದೇವ್ರು ನಾಲಿಗೆ ಕೀಳಲ್ವಾ?"

"ಕೀಳ್ತಾನೆ. ಆಮೇಲೆ ಕೀಳ್ಲಿ. ಇವತ್ತು ಇವನ್ನ ಬಿಡು."

ಕ್ಯಾಪ್ಟನ್ ಅವರ ನೇರಳೆ ಟೋಪಿಯನ್ನು ಕೋವಿಯ ತುದಿಯಿಂದ ಕೆಸರಿಗೆ ಎಗರಿಸಿದ. ಹಿಡಿದು ತಂದಿದ್ದ ಮೂವತ್ತು ಕೂಲಿಗಳು ಬೆನ್ನ ಮೇಲೆ ಹೊರೆ ಹೊತ್ತು ನೆಲ ನೋಡಿದರು. ನಾನೂ ನೋಡಿದೆ. ಕೆಸರು ಬಹಳ ಚೆನ್ನಾಗಿತ್ತು.

"ಹೊರೋ, ಪಾದ್ರಿ!" ಎಂದು ಸಿಪಾಯಿಯೊಬ್ಬ ಪೂಜೆಪೆಟ್ಟಿಗೆ ಕೆಳಗೆ ತಳ್ಳಿ, ಫಿರಂಗಿ ಗುಂಡಿನ ಪೆಟ್ಟಿಗೆಯ ಪಟ್ಟಿಯನ್ನು ನನ್ನ ಹಣೆಗೆ ಬಿಗಿದ. ಗುಂಡುಗಳನ್ನು ಗುಡ್ಡದ ಮೇಲಕ್ಕೆ ಹೊರಬೇಕು, ಅಲ್ಲಿಂದ ಕೆಳಗಿನ ಕಾಡಿಗೆ ಹಾರಿಸುತ್ತಾರೆ. ಊರು ಬಿಟ್ಟು ಓಡಿದ ನಮ್ಮವರ ಗುಡಾರಗಳು ಆ ಕಾಡಿನಲ್ಲೇ ಇದ್ದವು. ನನ್ನ ಹೆಂಡತಿ ಬೋ ಮೆ, ಕೂಸು, ಇಬ್ಬರೂ ಅಲ್ಲೇ. ಹೊತ್ತರೆ ಅವರು ಸಾಯುತ್ತಾರೆ, ಹೊರದಿದ್ದರೆ ನಾನು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಹೊರಲು ಬಗ್ಗಿದೆ.

ಬಿಷಪರು ಬಂದು ನನ್ನ ಹಣೆಯ ಪಟ್ಟಿ ಬಿಚ್ಚಿದರು. ಆ ಪೆಟ್ಟಿಗೆಯ ಮೇಲೆ, ಚಹಾಕ್ಕೆ ಕಾಯುವವರಂತೆ ಕೂತುಬಿಟ್ಟರು.

"ಏಳಯ್ಯ!"

"ಮಂಡಿನೋವು ಕಣಪ್ಪ. ಏಳಕ್ಕಾಗಲ್ಲ."

ಕ್ಯಾಪ್ಟನ್ ಪಿಸ್ತೂಲು ತೆಗೆದ. ನನ್ನ ಕಾಲುಗಳು ಗಡಗಡ ನಡುಗಿ, ಪಕ್ಕದ ಪೆಟ್ಟಿಗೆಯ ಮೇಲೆ ದೊಪ್ಪನೆ ಕುಸಿದೆ. ಧೈರ್ಯ ಗಿರ್ಯ ಏನೂ ಇಲ್ಲ. ಆದರೆ ಕೂಲಿಗಳಿಗೆ ಅದು ಹೇಗೆ ಗೊತ್ತಾಗಬೇಕು?

"ಕಳ್ಳಪಾದ್ರೀನೂ ಕೂತ ಕಣ್ರೋ!" ಎನ್ನುತ್ತ ಕೂಲಿಗಳಲ್ಲೊಬ್ಬ ಮುದುಕ ತನ್ನ ಪೆಟ್ಟಿಗೆ ಇಳಿಸಿ ಅದರ ಮೇಲೆ ಕೂತ. ಆಮೇಲೆ ಇನ್ನೊಬ್ಬ. ನೋಡನೋಡುತ್ತ ಮೂವತ್ತೂ ಜನ ಕೂತರು.

"ಏಳ್ರೋ ಬೋಳಿಮಕ್ಳಾ!"

ಯಾರೂ ಏಳಲಿಲ್ಲ. ಬಿಷಪರು ನನ್ನತ್ತ ವಾಲಿ, "ಶಾಭಾಷ್ ಕಣೋ ಮಗಾ," ಎಂದು ಪಿಸುಗುಟ್ಟಿದರು.

ಹೆದರಿ ಕುಸಿದದ್ದೆಂದು ನಿಜ ಹೇಳಿಬಿಡಲು ಬಾಯಿ ತೆರೆದೆ. ಅಷ್ಟರಲ್ಲಿ ಪಿಸ್ತೂಲು ಅವರ ನೆತ್ತಿಯ ಅಂಚಿಗೆ ತಾಗಿತು. ಟೋಪಿ ಮುಚ್ಚಿಟ್ಟಿದ್ದ ಆ ಜಾಗದಲ್ಲಿ ಕೂದಲಿರಲಿಲ್ಲ. ನನ್ನ ನೆತ್ತಿಯಂಚಿನಲ್ಲಿರುವಂಥದ್ದೇ, ಹೊರೆಪಟ್ಟಿ ಸವೆಸಿದ ಹಳೆಯ ಗುರುತಿತ್ತು.

ಬಾಯಿ ಮುಚ್ಚಿಕೊಂಡೆ. ಕಾಲಿಗೆ ಬಲ ಬಂದಿತ್ತು, ಏಳಬಹುದಿತ್ತು. ಏಳಲಿಲ್ಲ.