ತಪ್ಪಿದ ಎರಡು ಪ್ರಾಕ್ಟಿಕಲ್

ಬಲಗೈ ಎಡಗೈಯ ಮಣಿಕಟ್ಟಿಗೆ ಹೋಗಿ ನಿಂತಿತು. ಮಂಗಳವಾರ ಪ್ರಾಕ್ಟಿಕಲ್ ದಿನ. ಬಸ್ಸಿಗೆ ಹೊರಡುವ ಮೊದಲು ಗಾಜಿನ ಬಳೆಗಳನ್ನು ತೆಗೆದು ಫ್ರಿಜ್ಜಿನ ಮೇಲಿಡುವುದು ಪ್ರಗತಿಗೆ ನಾಲ್ಕು ವರ್ಷದ ಅಭ್ಯಾಸ. ಈಗ ತೆಗೆಯಲು ಏನೂ ಇರಲಿಲ್ಲ. ಮಣಿಕಟ್ಟನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು, ನಾಡಿ ನೋಡಿಕೊಳ್ಳುವವಳ ಹಾಗೆ.

ಗಂಡ ರೋಷನ ಹೋಗಿ ಹದಿನಾರನೆಯ ದಿನ. ಕಾರ್ಯವೆಲ್ಲ ಮುಗಿದು, ಕೊನೆಯ ನೆಂಟರು ನಿನ್ನೆ ಸಂಜೆ ಹೊರಟಿದ್ದರು. ಕಾರವಾರದ ಬೈತಖೋಲದ ಮನೆಯ ಹಿತ್ತಲಲ್ಲಿ ಅತ್ತೆ ಗಂಗೂ ಬಂಗಡೆ ಕೊಯ್ಯುತ್ತ ಕೂತಿದ್ದರು. ಇಷ್ಟು ದಿನದ ಮೇಲೆ ಮನೆಗೆ ಮೀನು ಬಂದಿತ್ತು.

"ಇವತ್ತೇ ಹೋಗ್ಬೇಕಾ?"

"ಹೋಗ್ದೆ ಇದ್ರೆ ಬೇರೆಯವ್ರನ್ನ ತಕಂತಾರೆ ಆಯಿ."

"ಹೋಗು ಹಾಂಗಾರೆ. ಮನೇಲಿ ಕೂತು ನನ್ನ ಮೋರೆ ನೋಡೂದಕ್ಕಿಂತ ಅಡ್ಡಿಲ್ಲ." ಅತ್ತೆ ಕಾಗೆಗೊಂದು ತಲೆ ಎಸೆದರು.

ಬಸ್ಸು ಬಿಣಗಾದ ಕಡೆಯ ಸುರಂಗ ಹೊಕ್ಕಿತು. ಕಿಟಕಿಯ ಗಾಜಿನಲ್ಲಿ ಒಂದು ಮುಖ ಬಂದು ಅವಳನ್ನು ನೋಡಿತು. ಸುರಂಗ ದಾಟಿದೊಡನೆ ಅದರ ಜಾಗದಲ್ಲಿ ಬೆಳಕು ಬಂತು. ಈ ಹದಿನೈದು ದಿನ ಹೀಗೇ ಇತ್ತು. ಜನರ ತುಟಿ ಮೊದಲು ಆಡುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. ಅವರ್ಸಾ ಬಂದಾಗ ಅವಳು ಹೊರಗೆ ನೋಡಲಿಲ್ಲ. ಕಂಡಕ್ಟರನ ಕೈಯ ಟಿಕೆಟ್ ಯಂತ್ರ ನೋಡಿದಳು, ಅದರಿಂದ ಬಿಳಿ ಕಾಗದ ಹೊರಬರುವುದನ್ನು ನೋಡಿದಳು. ರೋಷನನ ಬೈಕು ಬಿದ್ದದ್ದು ಅವರ್ಸಾದಲ್ಲಿ.

ಅಂಕೋಲೆಯ ಕಾಲೇಜಿನಲ್ಲಿ ಅವಳು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಮೊದಲ ಸೆಮಿಸ್ಟರಿನ ನಿಯಮಗಳ ಹಾಳೆ ಪ್ರಯೋಗಾಲಯದ ಬಾಗಿಲಿಗೆ ಅಂಟಿಕೊಂಡೇ ಇತ್ತು. ಟೈಪು ಮಾಡಿದವಳು ಅವಳೇ. ಬಿಳಿ ಕೋಟು, ಮುಚ್ಚಿದ ಬೂಟು. ಕೈಯಲ್ಲಿ ಬಳೆ, ತಲೆಯಲ್ಲಿ ಹೂವು ಕೂಡದು. ಹತ್ತು ನಿಮಿಷ ತಡವಾದರೆ ಒಳಗೆ ಬಿಡುವುದಿಲ್ಲ. ಜರ್ನಲ್ಲಿಗೆ ಅಂದೇ ಸಹಿ. ಏಳನೆಯದು ಉದ್ದವಾಗಿತ್ತು: ತಪ್ಪಿದ ಪ್ರಾಕ್ಟಿಕಲ್ ಮತ್ತೆ ಮಾಡಿಸುವುದಿಲ್ಲ, ವೈದ್ಯರ ಚೀಟಿ ಬಿಟ್ಟು ಬೇರೆ ಕಾರಣ ನಡೆಯದು, ಎರಡು ತಪ್ಪಿದವರು ಪರೀಕ್ಷೆಗೆ ಕೂರುವಂತಿಲ್ಲ. ಅದನ್ನು ಮನೆಯಲ್ಲಿ ಓದಿ ಹೇಳಿದಾಗ, ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದ ರೋಷನ ನಕ್ಕಿದ್ದ. "ನಮ್ಮ ಬಂದರದಲ್ಲೂ ಇಷ್ಟು ಕಟ್ಟುನಿಟ್ಟಿಲ್ಲ ಮಾರಾಯ್ತಿ. ಸಮುದ್ರಕ್ಕಾದ್ರೂ ಕಾರಣ ಹೇಳೂಕೆ ಬರ್ತದೆ."

ವಿಭಾಗದ ಮುಖ್ಯಸ್ಥ ರಾಮನಾಥ ಸರ್ ಬಂದು, ಅವಳ ಮುಖ ನೋಡದೆ, ಮೇಜಿನ ಮೇಲೆ ಖಾಲಿ ನಮೂನೆಯೊಂದನ್ನು ಇಟ್ಟರು. "ಪರೀಕ್ಷೆಗೆ ಕೂರುವಂತಿಲ್ಲದವರ ಪಟ್ಟಿ. ನಾಲ್ಕು ಗಂಟೆಯೊಳಗೆ ನಿಮ್ಮ ಸಹಿ ಬೇಕು. ಅವಸರ ಮಾಡ್ತಿದ್ದೇನೆ ಹೇಳಿ ತಿಳ್ಕೊಬೇಡಿ."

"ಇಲ್ಲ ಸರ್."

ಹನ್ನೊಂದಕ್ಕೆ ಮಕ್ಕಳು ಬಂದರು. ಸಾಲಾಗಿ ನಿಂತ ಬ್ಯೂರೆಟ್ಟುಗಳಲ್ಲಿ ಕಿಟಕಿಯ ಬೆಳಕು ಇಳಿಯುತ್ತಿತ್ತು. ಹನಿ ಬಿದ್ದಲ್ಲಿ ಗುಲಾಬಿ ಬಣ್ಣ ಹುಟ್ಟುವುದು, ಫ್ಲಾಸ್ಕು ತಿರುಗಿಸಿದರೆ ಮಾಯವಾಗುವುದು. ಹಾಗೇ ಹಾಗೇ ಒಂದು ಹನಿಗೆ ಬಣ್ಣ ನಿಂತುಬಿಡುವುದು. ಒಂದು ಬೆಂಚಿನ ಬಳಿ ನಿಂತ ಪ್ರಗತಿ ಅಲ್ಲೇ ನಿಂತಿದ್ದಳು.

"ಮೇಡಮ್, ಇದು ಜಾಸ್ತಿಯಾಯ್ತಾ?" ಯಾರೋ ಫ್ಲಾಸ್ಕು ಎತ್ತಿ ಹಿಡಿದರು. ಬಣ್ಣ ದಾಸವಾಳದಷ್ಟು ಕಡುವಾಗಿತ್ತು.

"ಆಯ್ತು. ಚೆಲ್ಲಿ ಮತ್ತೆ ಮಾಡು."

ಬಾಗಿಲ ಹೊರಗೆ ಒಬ್ಬ ಹುಡುಗಿ ಚೀಟಿ ಹಿಡಿದು ನಿಂತಿದ್ದಳು. ಕೇಣಿಯ ಚಂದನಾ. ಹಾಜರಿಯಲ್ಲಿ ಅವಳ ಹೆಸರಿನ ಮುಂದೆ, ರಾಮನಾಥ ಸರ್ ಪ್ರಾಕ್ಟಿಕಲ್ ಮಾಡಿಸಿದ ಎರಡೂ ಮಂಗಳವಾರ ಖಾಲಿ. ಚೀಟಿಯಲ್ಲಿ ಒಂದೇ ಸಾಲಿತ್ತು: ಮನೆಯಲ್ಲಿ ಸೂತಕ ಇದ್ದುದರಿಂದ ಬರಲು ಆಗಲಿಲ್ಲ.

"ಏಳನೆಯ ನಿಯಮ ಓದಿದ್ದೀಯಾ?"

"ಓದಿದ್ದೆ ಮೇಡಮ್."

"ಓದಿಯೂ ಬರಲಿಲ್ಲ."

"ದ್ರಾವಣ ಎಳೆಯೂಕೆ ಪಿಪೆಟ್ಟಿಗೆ ಬಾಯಿ ಹಾಕ್ಬೇಕಾಗ್ತದಲ್ಲ ಮೇಡಮ್. ರಬ್ಬರ್ ಬುರುಡೆ ಎರಡೇ ಅದೆ. ಒಬ್ರು ಬಾಯಿ ಹಾಕಿದ್ದಕ್ಕೇ ಎಲ್ರೂ ಹಾಕೂದು. ಸೂತಕದ ಎಂಜಲು ನಾಕು ಮನೆಗೆ ಹೋಗೂದು ಬೇಡ ಹೇಳಿ ಅಜ್ಜಿ ಹೇಳ್ತು."

ಒಳಗೆ ಯಾರೋ ಕಿಸಕ್ಕೆಂದರು. ನಿಯಮ ಬರೆಯುವಾಗ ಇಂಥದೊಂದು ಕಾರಣ ಪ್ರಗತಿಗೆ ಹೊಳೆದಿರಲಿಲ್ಲ.

"ಯಾರು ತೀರಿಕೊಂಡದ್ದು?"

"ನಮ್ಮ ಭಾವಕಿಯವ್ರು. ಕಾರವಾರದಲ್ಲಿ."

ಭಾವಕಿಯೆಂದರೆ ಒಂದೇ ಕುಲದ ಮನೆಗಳು; ಒಂದರಲ್ಲಿ ಸಾವಾದರೆ ಎಲ್ಲಕ್ಕೂ ಸೂತಕ. "ಹೆಸರಿಲ್ಲದೆ ಚೀಟಿ ಕೊಟ್ಟರೆ ಹೇಗೆ?" ಪ್ರಗತಿ ತನ್ನ ಪೆನ್ನು ಚಾಚಿದಳು. "ತೀರಿಕೊಂಡವರ ಹೆಸರು ಬರೆ."

ಚಂದನಾ ಪೆನ್ನು ತೆಗೆದುಕೊಂಡಳು. ಬರೆಯಲಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಬರೀಲಾ, ವೈನಿ?"

ವೈನಿ. ಅಣ್ಣನ ಹೆಂಡತಿಯನ್ನು ಕರೆಯುವ ಮಾತು. ರೋಷನನ ಕಡೆಯ ಹುಡುಗಿಯರು ಮಾತ್ರ ಅವಳನ್ನು ಹಾಗೆ ಕರೆಯುತ್ತಿದ್ದರು.

"ಬೇಡ," ಎಂದು ಪ್ರಗತಿ ಪೆನ್ನು ವಾಪಸು ತೆಗೆದುಕೊಂಡಳು. ಅದರ ಮುಚ್ಚಳ ಹಾಕಿ, "ಮನೆಗೆ ಬಂದಿದ್ಯಾ?" ಎಂದಳು.

"ಹನ್ನೆರಡು ದಿನವೂ ಬಂದಿದ್ದೆ. ನಿಮ್ಮ ಹತ್ರವೇ ಕೂತಿದ್ದೆ. ಚಾ ಕುಡಿಸ್ದವ್ಳು ನಾನೇ."

ಪ್ರಗತಿ ನೆನಪು ಮಾಡಿಕೊಳ್ಳಲು ನೋಡಿದಳು. ಸ್ಟೀಲ್ ಲೋಟದ ಅಂಚು ನೆನಪಿತ್ತು. ಅದನ್ನು ಹಿಡಿದ ಬೆರಳುಗಳು, ಒಂದರ ಉಗುರಿಗೆ ಅರ್ಧ ಮಾಸಿದ ಮೆಹಂದಿ. ಅದಕ್ಕಿಂತ ಮೇಲೆ ಏನೂ ಇರಲಿಲ್ಲ. ಈಗ ಅಲ್ಲೊಂದು ಮುಖ ಬಂದು ಕೂತಿತು. ದಪ್ಪ ಹುಬ್ಬು, ಬಿಸಿಲಿಗೆ ಕಪ್ಪಾದ ಮೂಗು.

"ಪರೀಕ್ಷೆಗೆ ಬಿಡೂದಿಲ್ವಾ ಮೇಡಮ್? ಹಾಂಗಾದ್ರೆ ಒಂದು ವರ್ಷ ಹೋಗ್ತದೆ. ಮತ್ತೊಂದು ವರ್ಷ ಅಪ್ಪ ಕಳಿಸೂದಿಲ್ಲ."

"ಒಳಗೆ ಬಾ. ಕೋಟು ಹಾಕ್ಕೊ."

ಮಧ್ಯಾಹ್ನ ಗಾಜಿನ ಸಾಮಾನು ತೊಳೆಯುತ್ತಿದ್ದ ಅಟೆಂಡರ್ ಗಣೇಶ ಖಾಲಿ ನಮೂನೆಯನ್ನು ಓರೆಗಣ್ಣಿನಲ್ಲಿ ನೋಡಿದ. ಅವನಿಗೆ ನಿವೃತ್ತಿ ಹತ್ತಿರ, ಯಾರಿಗೂ ಹೆದರುತ್ತಿರಲಿಲ್ಲ.

"ಆ ಹುಡುಗಿ ಹೆಸರು ಬರೆಯೂದಾದ್ರೆ ಕೆಳಗೆ ನಿಮ್ಮದೂ ಬರೀರಿ ಮೇಡಮ್."

"ಯಾಕೆ?"

"ನೀವೂ ಎರಡು ತಪ್ಪಿಸಿದ್ರಲ್ಲ. ಡಾಕ್ಟರ ಚೀಟಿ ತಂದಿದ್ರಾ?"

ಅವಳಿಗೆ ನಗು ಬಂತು. ಎಷ್ಟೋ ದಿನದಿಂದ ಮುಚ್ಚಿದ್ದ ಕೋಣೆಯ ಬಾಗಿಲು ದೂಡಿದ ಹಾಗೆ, ತನ್ನ ಸದ್ದಿಗೆ ತಾನೇ ಬೆಚ್ಚಿದಳು.

ನಾಲ್ಕಕ್ಕೆ ನಮೂನೆಯನ್ನು ರಾಮನಾಥ ಸರ್ ಮೇಜಿನ ಮೇಲಿಟ್ಟಳು. ಸಹಿ ಇತ್ತು, ಹೆಸರುಗಳಿರಲಿಲ್ಲ.

"ಕೇಣಿಯ ಹುಡುಗಿ?"

"ಶನಿವಾರ ಎರಡೂ ಮಾಡಿಸ್ತೇನೆ ಸರ್."

ಅವರು ಕನ್ನಡಕ ತೆಗೆದರು. "ಹೋದ ವರ್ಷ ಗುರುಪ್ರಸಾದ ಅಕ್ಕನ ಮದುವೆ ಹೇಳಿ ಅಳ್ತಾ ಬಂದಾಗ ಬಿಟ್ಟುಬಿಡಿ ಹೇಳಿ ನಾನೇ ಹೇಳಿದ್ದೆ. ನೀವು ಬಿಡ್ಲಿಲ್ಲ. ಅವ ಇವತ್ತಿಗೂ ಮೊದಲ ಸೆಮಿಸ್ಟರಿನಲ್ಲೇ ಇದ್ದಾನೆ. ಅವನಿಗೆ ಎಂತಾ ಹೇಳೂದು?"

"ತಪ್ಪು ನಂದು ಹೇಳಿ ನಾನೇ ಹೇಳ್ತೇನೆ."

"ಮತ್ತೆ ನಿಯಮ?"

"ಬದಲು ಬರೆದು ಅಂಟಿಸ್ತೇನೆ. ಶನಿವಾರ ಮಧ್ಯಾಹ್ನ ಪ್ರಯೋಗಾಲಯ ತೆರೆದಿರ್ತದೆ. ತಪ್ಪಿದವರು ಬರಬಹುದು. ಕಾರಣ ಕೇಳುವುದಿಲ್ಲ."

ರಾಮನಾಥ ಸರ್ ಕನ್ನಡಕ ಒರೆಸುತ್ತ ಕೂತರು. ಬೇಡವೆನ್ನಲಿಲ್ಲ.

ಗಣೇಶ ಬೀಗ ಹಾಕುವಾಗ ಗೊಣಗಿದ. "ಶನಿವಾರ ಮಧ್ಯಾಹ್ನ ನಾ ನಿದ್ದೆ ಮಾಡೂದು. ಇರ್ಲಿ, ಬತ್ತೆ. ಆದ್ರೆ ಉಷ್ಣತೆಯ ಪ್ರಯೋಗಕ್ಕೆ ಥರ್ಮಾಮೀಟರ್ ಸಾಕಾಗೂದಿಲ್ಲ. ಒಂದು..." ಬೀಗವನ್ನು ಎರಡು ಸಲ ಎಳೆದು ನೋಡಿದ. "ಒಂದು ನಿಮ್ಮನೇಲೇ ಅದೆ ಮೇಡಮ್. ನಿಮ್ಮ ಯಜಮಾನ್ರು ನಿಮ್ಮನ್ನ ಕರ್ಕಂಡು ಹೋಗೂಕೆ ಬಂದಾಗ ನನ್ನ ಸ್ಟೂಲಿನ ಮೇಲೆ ಕೂತ್ಕಂತಿದ್ರಲ್ಲ, ಆಗ ತಕಂಡು ಹೋದ್ರು. ಬಂಗಡೆ ಎಷ್ಟು ತಂಪು ನೀರಿಗೆ ಬರ್ತದೆ, ನೋಡ್ಬೇಕು ಹೇಳಿ. ನಿಮಗೆ ಹೇಳ್ಬೇಡಿ, ನಿಯಮ ಓದ್ತಾಳೆ ಅಂದಿದ್ರು."

ಮನೆಯಲ್ಲಿ ಅದು ರೋಷನನ ದೋಣಿಯ ಸಾಮಾನಿನ ಬುಟ್ಟಿಯಲ್ಲಿ ಸಿಕ್ಕಿತು, ಹಲ್ಲುಜ್ಜುವ ಬ್ರಷ್ಷಿನ ಡಬ್ಬಿಯೊಳಗೆ. ಥರ್ಮಾಮೀಟರಿನ ಮೇಲ್ತುದಿಯ ಪುಟ್ಟ ಗಾಜಿನ ಬಳೆಗೆ ಗಾಳದ ದಾರ ಕಟ್ಟಿತ್ತು. ದಾರದಲ್ಲಿ ಮಾರಿಗೊಂದರಂತೆ ಏಳು ಗಂಟು. ಅತ್ತೆ ಗಂಟುಗಳನ್ನು ಬೆರಳಲ್ಲಿ ಸವರಿ, "ಇಷ್ಟು ಆಳಕ್ಕೆ ಬಿಡ್ತಿದ್ದ," ಎಂದು ತಿರುಗಿ ಕೊಟ್ಟರು.

ಶನಿವಾರ ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಗಣೇಶನ ಕೈಗೆ ಕೊಟ್ಟಾಗ ಅವನು ಸ್ಟಾಕ್ ಪುಸ್ತಕ ತೆರೆಯಲಿಲ್ಲ. "ದಾರ ಕತ್ತರಿಸ್ಲಾ ಮೇಡಮ್?"

ಅವಳು ಉತ್ತರಿಸುವ ಮೊದಲೇ ಚಂದನಾ ಕೈ ನೀಡಿ ಇಸಿದುಕೊಂಡಳು. ಗಂಟು ಹಾಕಿದ ಕೈ ಯಾರದೆಂದು ಅವಳು ಕೇಳಲಿಲ್ಲ. ದಾರವನ್ನು ಬೆರಳಿಗೆ ಸುತ್ತುತ್ತ ಮೊದಲ ಗಂಟನ್ನೂ ದಾಟಿ ಗೇಣುದ್ದಕ್ಕೆ ಗಿಡ್ಡ ಮಾಡಿದಳು, ಥರ್ಮಾಮೀಟರನ್ನು ಬೀಕರಿನ ಮೇಲೆ ತೂಗಿ, ತಳಕ್ಕೆ ತಾಗದಂತೆ ಮೆಲ್ಲಗೆ ನೀರಿಗೆ ಇಳಿಸಿದಳು. ಅದು ಒಂದು ಸುತ್ತು ತಿರುಗಿತು, ಮತ್ತೆ ಹಿಂದಕ್ಕೆ ತಿರುಗಿತು. ಇಬ್ಬರೂ ಬಾಗಿ, ಅದು ನಿಲ್ಲುವುದನ್ನು ಕಾಯುತ್ತ ಕೂತರು.