ಕ್ಲಚ್ಚು ಬಿಟ್ಟವರು ಯಾರು?

ನಾನೊಂದು ಕಲಿಕೆಯ ಕಾರು. ಹುಟ್ಟಿದ್ದು ದೂರದ ಕಾರ್ಖಾನೆಯಲ್ಲಿ, ಮೈಮೇಲೆ ಕೆಂಪು 'ಎಲ್' ಬರೆಸಿಕೊಂಡದ್ದು ಗದಗಿನಲ್ಲಿ. ಮೊದಲು ಒಬ್ಬ ಡಾಕ್ಟರ ಮನೆಯ ನೆರಳಿನಲ್ಲಿ ಸುಖವಾಗಿದ್ದೆ. ಅವರು ಹೊಸ ಕಾರು ಕೊಂಡಾಗ ನನ್ನನ್ನು ಡ್ರೈವಿಂಗ್ ಸ್ಕೂಲಿನ ಫಕ್ಕೀರಪ್ಪ ಮಾಸ್ತರರಿಗೆ ಮಾರಿದರು. ಮಾಸ್ತರರು ತಾವು ಕೂರುವ ಎಡಗಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು ಹಾಕಿಸಿದರು. ಅಂದಿನಿಂದ ಎಷ್ಟೋ ಜನ ನನ್ನ ಗೇರುಗಳನ್ನು ಕರಕರ ಅನ್ನಿಸಿಯೇ ಡ್ರೈವರುಗಳಾದರು. ನಾನು ಬೇಸರಪಟ್ಟವನಲ್ಲ.

ವಯಸ್ಸಾದ ಮೇಲೆ ನನಗೊಂದು ರೋಗ ಬಂತು. ಮೈ ಬಿಸಿಯಾದರೆ ಸಾಕು, ನಡುರಸ್ತೆಯಲ್ಲಿ ಇಂಜಿನ್ ತಟ್ಟನೆ ನಿಲ್ಲುತ್ತಿತ್ತು. ತಣ್ಣಗಾದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಮೆಕ್ಯಾನಿಕ್ ಇಮಾಮಸಾಬ ನೋಡಿ, ಇಂಜಿನ್ ತಿರುಗುವುದನ್ನು ಗಮನಿಸುವ ಸೆನ್ಸರ್ ಕೆಟ್ಟಿದೆ ಎಂದ. ಹೆಬ್ಬೆರಳಿನಷ್ಟು ಸಾಮಾನು. ಬೆಲೆ ಕೇಳಿ ಮಾಸ್ತರರ ಮುಖ ಸಣ್ಣದಾಯಿತು.

"ಇವತ್ತಲ್ಲ ನಾಳೆ ಗುಜರಿಗೆ ಹೋಗೂ ಗಾಡಿ. ಇದಕ್ಕ ಅಷ್ಟ್ ರೊಕ್ಕಾ ಸುರೀಲೇನು?"

"ಹಾಕಿಸಿದ್ರ ಚಲೋ ರೀ ಮಾಸ್ತರ. ಕಲಿಯಾವ್ರು ಓಡಸೂ ಗಾಡಿ ಐತಿ."

"ನೋಡೂಣು ತಗೋ."

ಆ 'ನೋಡೂಣು' ತಿಂಗಳುಗಟ್ಟಲೆ ನಡೆಯಿತು. ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿ ಓಡುತ್ತಿದ್ದೆನಲ್ಲ, ಅದೇ ಅವರಿಗೆ ನೆಪವಾಯಿತು. ಇನ್ನೊಂದು ಅನುಕೂಲವೂ ಇತ್ತು. ಕಲಿಯುವವರ ಕೈಯಲ್ಲಿ ಗಾಡಿ ನಿಂತರೆ ಯಾರೂ ಗಾಡಿಯನ್ನು ಅನುಮಾನಿಸುವುದಿಲ್ಲ, ಕ್ಲಚ್ಚು ತಟ್ಟನೆ ಬಿಟ್ಟು ಇಂಜಿನ್ ನಿಲ್ಲಿಸಿರಬೇಕು ಅನ್ನುತ್ತಾರೆ. ಮಾಸ್ತರರೂ ಹಾಗೇ ಅನ್ನತೊಡಗಿದರು.

ಆಗ ಬಂದವಳು ನೀಲವ್ವ. ಪಕ್ಕದ ಹಳ್ಳಿಯವಳು, ಗಂಡ ತೀರಿಕೊಂಡಿದ್ದ. ಪಂಚಾಯ್ತಿಗೆ ಕಸದ ಗಾಡಿ ಬರುವುದಿತ್ತು. ಅದನ್ನು ಓಡಿಸಲು ಮಹಿಳಾ ಸಂಘದವರು ಇವಳನ್ನು ಆರಿಸಿದ್ದರು. ಲೈಸೆನ್ಸ್ ಸಿಕ್ಕರೆ ಸಂಬಳದ ಕೆಲಸ, ಇಲ್ಲದಿದ್ದರೆ ಮತ್ತೆ ಕಂಡವರ ಹೊಲದಲ್ಲಿ ಕೂಲಿ. ದಿನಾ ನನ್ನ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂರುತ್ತಿದ್ದಳು. ಅಷ್ಟು ಹದವಾಗಿ ಕ್ಲಚ್ಚು ಬಿಡುವ ಕಾಲನ್ನು ನಾನು ಕಂಡೇ ಇರಲಿಲ್ಲ. ಆದರೂ ಬಿಸಿಲೇರಿದರೆ ನಿಂತುಬಿಡುತ್ತಿದ್ದೆ.

"ಕ್ಲಚ್ ಯಾಕ್ ಬಿಟ್ಟಿ? ಎಷ್ಟ್ ಸಲ ಹೇಳೂದು ನಿನಗ?" ಎಂದು ಮಾಸ್ತರರು ರೇಗುತ್ತಿದ್ದರು.

"ತಪ್ಪಾತ್ರೀ ಸರ," ಅನ್ನುತ್ತಿದ್ದಳು. ಬಾಯಿದ್ದರೆ ಕೂಗಿ ಹೇಳುತ್ತಿದ್ದೆ. ನನಗಿದ್ದದ್ದು ಹಾರ್ನು ಮಾತ್ರ, ಅದೂ ಓಡಿಸುವವರ ಕೈಯಲ್ಲಿ.

ಲೈಸೆನ್ಸ್ ಪರೀಕ್ಷೆಯ ದಿನ ಸ್ಕೂಲಿನವರೆಲ್ಲ ನನ್ನನ್ನೇ ಓಡಿಸಬೇಕು. ನೀಲವ್ವನ ಸರದಿ ಎಲ್ಲರಿಗಿಂತ ಕೊನೆಗೆ. ಅಷ್ಟು ಹೊತ್ತಿಗೆ ನನ್ನ ಮೈ ಕೆಂಡವಾಗಿತ್ತು. ದೇವರೇ, ಇವಳೊಬ್ಬಳನ್ನು ದಾಟಿಸು ಎಂದು ಬೇಡಿಕೊಂಡೆ. ಕೊನೆಯ ತಿರುವಿನಲ್ಲಿ ನಿಂತೆ. ಅವಳು ಮತ್ತೆ ಮತ್ತೆ ಕೀಲಿ ತಿರುಗಿಸಿದಳು, ನಾನು ಏಳಲಿಲ್ಲ. ಇನ್ಸ್‌ಪೆಕ್ಟರರು ಫೇಲ್ ಎಂದು ಬರೆದುಕೊಂಡರು.

ತಣ್ಣಗಾದ ಮೇಲೆ ಮಾಸ್ತರರೇ ನನ್ನನ್ನು ಊರ ಕಡೆ ತಿರುಗಿಸಿದರು. ನೀಲವ್ವ ಹಿಂದಿನ ಸೀಟಿನಲ್ಲಿ ಅಳುತ್ತಿದ್ದಳು. "ನನ್ನ ಕಾಲಽ ಸರಿ ಇಲ್ರೀ ಸರ. ನನ್ನ ಹಣೇಬರಾ." ಮಾಸ್ತರರು ಗೇರು ಬದಲಿಸಿದರು. ಸ್ವಲ್ಪ ದೂರ ಹೋಗಿ, ಅವರ ಕಾಲಡಿಯಲ್ಲೇ ನಾನು ನಿಂತೆ.

ನೀಲವ್ವ ಕಣ್ಣೊರೆಸಿಕೊಂಡು ಮುಂದಕ್ಕೆ ಬಗ್ಗಿದಳು.

"ಸರ, ಈಗ ಕ್ಲಚ್ ಯಾರ್ ಬಿಟ್ರೀ?"

ಮಾಸ್ತರರು ಕೀಲಿ ತಿರುಗಿಸುತ್ತಲೇ ಇದ್ದರು. ಅವಳು ಇಳಿದು ನಡೆದುಹೋದಳು.

ಆ ವಾರವೇ ಮಾಸ್ತರರು ಹೊಸ ಸೆನ್ಸರ್ ಹಾಕಿಸಿದರು. ಇನ್ನೊಮ್ಮೆ ಪರೀಕ್ಷೆಗೆ ಕರೆಯಲು ಅವಳ ಊರಿಗೂ ಹೋದರು. ನಾನು ಎಲ್ಲೂ ನಿಲ್ಲದೆ ಓಡಿದೆ. ಆದರೆ ಕಸದ ಗಾಡಿ ಬಂದಾಗಿತ್ತು. ಸಂಘದವರು ಲೈಸೆನ್ಸ್ ಇದ್ದ ಇನ್ನೊಬ್ಬಳಿಗೆ ಅದನ್ನು ಒಪ್ಪಿಸಿದ್ದರು. ಹಾಡು ಹಾಕಿಕೊಂಡು ಅದು ನಾವು ನಿಂತಿದ್ದ ಓಣಿಗೆ ಬಂದಾಗ ನೀಲವ್ವ ಕಸದ ಬುಟ್ಟಿ ಹಿಡಿದು ಹೊರಬಂದಳು. ಬುಟ್ಟಿ ಬರಿದು ಮಾಡಿ ಒಳಗೆ ಹೋದಳು. ನಮ್ಮ ಕಡೆ ನೋಡಲೂ ಇಲ್ಲ.

ಈಗ ನಾನು ಗುಜರಿಯಲ್ಲಿದ್ದೇನೆ. ಬಂದ ದಿನವೇ ಇಲ್ಲಿಯವನು ಬಾನೆಟ್ ಎತ್ತಿ ತಡಕಾಡಿ, "ಇದೊಂದಽ ಹೊಸಾದೈತಿ," ಎಂದು ಆ ಸೆನ್ಸರನ್ನು ಬಿಚ್ಚಿ ಜೇಬಿಗಿಳಿಸಿದ. ಒಯ್ಯಲಿ. ಅದರಿಂದ ಆಗಬೇಕಾಗಿದ್ದ ಒಂದೇ ಒಂದು ಕೆಲಸ ಆಗಲಿಲ್ಲ.