ಕಡಲ ಬದಿಯ ಓಟ

ನಮ್ಮ ಊರಿನಲ್ಲಿ ಅಕ್ಷರ ಬಾರದವರಿಗೂ ಗುರುತು ಓದಲು ಬರುತ್ತದೆ. ಮನೆತನಕ್ಕೊಂದು ಗುರುತು. ದೋಣಿಯ ಹುಟ್ಟು, ಬಲೆಯ ಬೆಂಡು, ಹೊಸ್ತಿಲು, ಗೋರಿಕಲ್ಲು, ಎಲ್ಲದರ ಮೇಲೂ ಅದೇ. ಅಪ್ಪನ ಗುರುತು ಇದ್ದಂತೆಯೇ ಸಿಗುವುದು ಕಿರಿಮಗನಿಗೆ. ಹಿರಿಯ ಮಕ್ಕಳು ಅದಕ್ಕೆ ಒಂದೊಂದು ಗೀರು ಸೇರಿಸಿಕೊಳ್ಳಬೇಕು. ಕೊರೆಯುವ ಕೆಲಸ ನನ್ನದು. ಕಡಲಲ್ಲಿ ಹೋದವನ ಸಾಮಾನನ್ನು ಇನ್ನೊಬ್ಬರು ಮುಟ್ಟುವ ಮೊದಲು ಅವನ ಗುರುತನ್ನು ಹೆರೆದು ತೆಗೆಯುವುದೂ ನನ್ನದೇ. ಹೆರೆಯದೆ ಬಳಸಿದರೆ ಏನಾಗುತ್ತದೆಂದು ಯಾರೂ ಹೇಳಿದ್ದಿಲ್ಲ. ಬಳಸಿದವರೇ ಇರಲಿಲ್ಲ.

ಪಕ್ಕದ ಮನೆಯ ಎರ್ಮೆಲಿಂಡಾ ವಿಧವೆ. ಇಬ್ಬರು ಗಂಡುಮಕ್ಕಳು. ಹಿರಿಯ ಅನ್ಸೆಲ್ಮು ವಾರವೆಲ್ಲ ದೋಣಿಯಲ್ಲಿ, ಭಾನುವಾರ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮೈದಾನದ ಎಡ ಅಂಚಿನಲ್ಲಿ. ಮೈದಾನದ ಒಂದು ಬದಿಗೆ ಮೋಟುಗೋಡೆ, ಅದರಾಚೆ ಮರಳು, ಕಡಲು. ಅವನು ಎಡಗಾಲಿನಲ್ಲಿ ಹೊಡೆದ ಚೆಂಡು ಮೊದಲು ಕಡಲಿಗೇ ಹೊರಟಂತೆ ಗೋಡೆ ದಾಟಿ, ಏನೋ ನೆನಪಾದಂತೆ ಬಾಗಿ ಗೋಲಿನ ಮುಂದೆ ಬಂದು ಬೀಳುತ್ತಿತ್ತು. ಹಾಗೆ ಹೊಡೆಯುವವನು ಅವನೊಬ್ಬನೇ.

ಒಂದು ಚಳಿಗಾಲ ಬಂದರಿನ ಬಾಯಲ್ಲೇ ದೋಣಿ ಮಗುಚಿತು. ಉಳಿದವರನ್ನೆಲ್ಲ ಅಲೆ ದಡಕ್ಕೆ ತಂದು ಹಾಕಿತು. ಅನ್ಸೆಲ್ಮು ಸಿಗಲಿಲ್ಲ. ಎರ್ಮೆಲಿಂಡಾ ಸಾವಿನ ಶೋಕದ ಕಪ್ಪು ಉಡಲಿಲ್ಲ. ಎಂದಿನ ಕೆಂಪು ಅಂಚಿನ ಶಾಲು ಹೊದ್ದು ಮೀನಿನ ಹರಾಜಿಗೆ ಹೋಗುತ್ತಿದ್ದಳು. ಹೆಂಗಸರು ಬೆನ್ನ ಹಿಂದೆ ಆಡಿಕೊಂಡರು. ಸಾಮಾನಿನ ಗುರುತು ಹೆರೆಯಬೇಕಲ್ಲ ಎಂದು ನಾನು ಕೇಳಲು ಹೋದಾಗ ಬಾಗಿಲನ್ನು ಅರ್ಧವೇ ತೆರೆದಳು.

"ಹೆಣ ತೋರಿಸು, ಕಸಿಮೀರು. ಆಮೇಲೆ ಚಾಕು ತಾ."

ಕಿರಿಯವನು ಲೌರಿಂದು. ಬಲಗಾಲಿನ ಹುಡುಗ, ಸಾಧಾರಣ ಆಟ. ಅವನ ಬೂಟು ಹರಿದಾಗ ತಾಯಿ ಅಣ್ಣನ ಬೂಟು ಕೊಟ್ಟಳು. ಹಿಮ್ಮಡಿಯ ಚರ್ಮದ ಮೇಲೆ ನಾನೇ ಸುಟ್ಟು ಹಾಕಿದ್ದ ಗುರುತು, ಪಕ್ಕದಲ್ಲಿ ಒಂದು ಗೀರು. ಆ ಭಾನುವಾರ ಲೌರಿಂದು ಎಡಗಾಲಿನಲ್ಲಿ ಹೊಡೆದ. ಚೆಂಡು ಗೋಡೆಯಾಚೆ ಹೋಗಿ ಬಾಗಿ ಬಂತು. ಕ್ಷೌರಿಕ ಬೆಲ್ಮಿರು, "ಏನೋ ಮಾರಾಯ, ಕಾಲೂ ಕಡ ತಂದ್ಯಾ?" ಎಂದು ನಕ್ಕ. ಬೇರೆ ಯಾರೂ ನಗದಿದ್ದರಿಂದ ಅವನೂ ನಿಲ್ಲಿಸಿದ.

ಅರ್ಧ ಆಟ ಮುಗಿದು ತಂಡಗಳು ಬದಿ ಬದಲಿಸಿದಾಗ ಲೌರಿಂದು ಎಡ ಅಂಚು ಬಿಟ್ಟು ಬಲ ಅಂಚಿಗೆ ಬರುತ್ತಿದ್ದ. ತರಬೇತುದಾರನನ್ನು ಹುಡುಗರೆಲ್ಲ ಮಿಸ್ಟರ್ ಎನ್ನುತ್ತಿದ್ದರು. ಆ ಮಿಸ್ಟರಿಗೆ ಇದು ಜಾಣ ಉಪಾಯವಾಗಿ ಕಂಡಿತು. ನಮಗೆ ಕಂಡದ್ದು ಬೇರೆ. ಅವನು ಯಾವಾಗಲೂ ಕಡಲ ಬದಿಯಲ್ಲೇ ಇರುತ್ತಿದ್ದ.

ಪೋರ್ತು ನಗರದ ಕ್ಲಬ್ಬಿನವರು ಕರೆದೊಯ್ದರು, ಆಮೇಲೆ ರಾಜಧಾನಿ ಲಿಸ್ಬನ್ನಿನವರು. ದೇಶದ ತಂಡದ ಅಂಗಿಯನ್ನೂ ತೊಟ್ಟ. ಹೊಸ ಬೂಟು ಬಂದಾಗಲೆಲ್ಲ ಅಣ್ಣನ ಗುರುತಿದ್ದ ಹಳೆಯ ಹಿಮ್ಮಡಿಯ ಚರ್ಮದ ತುಂಡನ್ನು ಎಡಬೂಟಿನೊಳಗೆ ಇಟ್ಟುಕೊಳ್ಳುತ್ತಿದ್ದ. ಬೂಟು ಒರೆಸುವವರು ಅದರಲ್ಲಿ ಉಪ್ಪು ಕಂಡರಂತೆ, ಬೇಸಿಗೆಯಲ್ಲೂ ಒದ್ದೆಯಂತೆ. ಎರ್ಮೆಲಿಂಡಾ ಬೆಲ್ಮಿರುವಿನ ಅಂಗಡಿಯಲ್ಲಿ ಕೂತು ಟಿವಿ ನೋಡುತ್ತಿದ್ದಳು. ಮಗನ ಮುಖ ಕಂಡಾಗ ಸುಮ್ಮನಿರುತ್ತಿದ್ದಳು. ಎಡಗಾಲು ಎದ್ದಾಗ ಮಾತ್ರ ಅವಳ ತುಟಿ ಅಲುಗುತ್ತಿತ್ತು. "ಬಂದ" ಎನ್ನುತ್ತಿದ್ದಳು.

ಊರೆಲ್ಲ ಬೀದಿಗಿಳಿಯುವ ಜೂನಿನ ಸಾವ್ ಜುವಾವ್ ಹಬ್ಬಕ್ಕೆ ಲೌರಿಂದು ಮನೆಗೆ ಬಂದಿದ್ದ. ಬೀದಿಯಲ್ಲಿ ಸುಟ್ಟ ಸಾರ್ಡೀನ್ ಮೀನನ್ನು ಮೆಕ್ಕೆಜೋಳದ ರೊಟ್ಟಿಯ ಮೇಲಿಟ್ಟು ತಿನ್ನುತ್ತ ನನ್ನ ಪಕ್ಕ ಕೂತ.

"ಮಾವ, ಚೆಂಡು ಬಂದಾಗ ನಾನು ಸುಮ್ನೆ ಇರ್ತೀನಿ. ಕಾಲು ತಾನೇ ಹೋಗತ್ತೆ. ಜನ ಕೂಗೋದು ಯಾರಿಗೆ ಅಂತ ಗೊತ್ತಾಗಲ್ಲ."

"ಬಲಗಾಲು?"

"ಅದು ನಂದು. ಅದನ್ನ ಯಾರೂ ಕೇಳಲ್ಲ."

ಹೆರೆದುಬಿಡೋಣ ಎಂದೆ. ಅಮ್ಮನಿಗೆ ಅಣ್ಣ ಸಿಗುವುದು ಅಲ್ಲೊಂದೇ ಕಡೆ, ಹೇಗೆ ಕಿತ್ತುಕೊಳ್ಳಲಿ ಎಂದ.

ಮುಂದಿನ ವರ್ಷಗಳಲ್ಲಿ ಆ ಕಾಲು ಗೆರೆಯಲ್ಲಿ ನಿಲ್ಲದಾಯಿತು. ಚೆಂಡು ಹೊಡೆದಾದ ಮೇಲೂ ಕಡಲಿರುವ ಪಡುವಣಕ್ಕೆ ಓಡುತ್ತಿತ್ತು, ಗೆರೆ ದಾಟಿ, ಫೋಟೋ ತೆಗೆಯುವವರನ್ನು ದಾಟಿ. ಮೊದಲು ಜನ ನಕ್ಕರು. ಒಮ್ಮೆ ಹಾಗೇ ಹೋಗಿ ಜಾಹೀರಾತಿನ ಹಲಗೆಗೆ ಬಡಿದು ಹೆಗಲಿನ ಮೂಳೆ ಮುರಿಯಿತು. ಕೈಗೆ ಜೋಲಿ ಕಟ್ಟಿಕೊಂಡು ಊರಿಗೆ ಬಂದ.

ಒಂದು ಬೆಳಿಗ್ಗೆ ಎರ್ಮೆಲಿಂಡಾ ನನ್ನ ಬಾಗಿಲು ಬಡಿದಳು. ಕಡಲಿನತ್ತ ಕೈ ತೋರಿಸಿದಳು. ಲೌರಿಂದು ಸೊಂಟದವರೆಗೆ ನೀರಿನಲ್ಲಿದ್ದ. ಎಡಗಾಲು ಮುಂದೆ ಮುಂದೆ ಹೋಗುತ್ತಿತ್ತು. ಬಲಗಾಲನ್ನು ಮರಳಿಗೆ ಊರಿ ಹಿಂದಕ್ಕೆ ಜಗ್ಗುತ್ತಿದ್ದ. ದಡದಿಂದ ನೀರಿನ ಅಂಚಿನವರೆಗೆ ಬಲಗಾಲು ಎಳೆದ ಗೀರು ಮರಳಿನಲ್ಲಿ ಉದ್ದಕ್ಕೂ ಇತ್ತು. ನಾವಿಬ್ಬರೂ ಸೇರಿ ಎಳೆದೆವು. ಅವನೊಬ್ಬನ ಭಾರವಲ್ಲ ಅದು.

ದಡದಲ್ಲಿ ಅವನು ಬೂಟಿನಿಂದ ಚರ್ಮದ ತುಂಡು ತೆಗೆದು ತಾಯಿಯ ಮುಂದಿಟ್ಟ. ಅವಳು ಅದನ್ನು ಎತ್ತಿ ನನ್ನ ಕೈಗಿಟ್ಟಳು.

"ಒಬ್ಬನನ್ನಾದ್ರೂ ಉಳಿಸಿಕೊಡು, ಕಸಿಮೀರು."

ಹೆರೆದೆ. ಉದುರಿದ್ದನ್ನು ಅವಳು ಮಡಿಲಿನಲ್ಲಿ ಹಿಡಿದು ಅಲೆಗೆ ಬಿಟ್ಟಳು. ಕಪ್ಪು ಮಾತ್ರ ಇನ್ನೂ ಉಡಲಿಲ್ಲ. ಅಷ್ಟು ಒಪ್ಪಿದ್ದರೂ ಅವಳೊಳಗೆ ಎಲ್ಲೋ ಒಂದು ಬಾಗಿಲು ತೆರೆದೇ ಇತ್ತು.

ಹೆಗಲು ಕೂಡಿತು, ಆದರೆ ಎಡಗಾಲು ಬರೀ ಕಾಲಾಯಿತು. ಪೆಟ್ಟು ಅವನ ಆಟವನ್ನು ತಿಂದಿತು ಎಂದು ಪತ್ರಿಕೆಯವರು ಬರೆದರಂತೆ. ದೊಡ್ಡ ಕ್ಲಬ್ಬು ಬಿಟ್ಟಿತು. ಅವನು ಮರಳಿ ನಮ್ಮ ಗೋಡೆಯ ಪಕ್ಕದ ಮೈದಾನಕ್ಕೇ ಬಂದ. ಬಲಗಾಲಿನಲ್ಲಿ, ಸಾಧಾರಣವಾಗಿ, ಮಿಸ್ಟರ್ ನಿಲ್ಲಿಸಿದ ಕಡೆ ಆಡಿದ. ಬೆಲ್ಮಿರು ಗೇಲಿ ಮಾಡಿದರೆ ಈಗ ಅವನೂ ನಗುತ್ತಿದ್ದ.

ಒಂದು ಭಾನುವಾರ ಲೌರಿಂದು ಹೊಡೆದ ಚೆಂಡು ಅಡ್ಡಾದಿಡ್ಡಿ ಚಿಮ್ಮಿ ಗೋಡೆಯಾಚೆ ಬಿತ್ತು. ನಾನೂ ಎರ್ಮೆಲಿಂಡಾಳೂ ಗೋಡೆಯ ಮೇಲೇ ಕೂತಿದ್ದೆವು. ತರುತ್ತೇನೆಂದು ನಾನು ತಿರುಗಿದೆ. ಇಳಿತದ ಹೊತ್ತು. ಮರಳಿನ ಮೇಲೆ ಯಾರೂ ಇರಲಿಲ್ಲ.

ಚೆಂಡು ತಾನೇ ಎದ್ದು ಬಂತು. ಮೊದಲು ನಮ್ಮಿಂದ ದೂರ, ಕಡಲಿಗೇ ಹೊರಟಂತೆ. ಆಮೇಲೆ ಬಾಗಿ ನಮ್ಮ ತಲೆಯ ಮೇಲಿಂದ ಹಾದು ಲೌರಿಂದುವಿನ ಬಲಗಾಲಿನ ಮುಂದೆ ಬಿತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಮತ್ತೆ ಮರಳನ್ನು ನೋಡಿದೆ. ಒಂದು ಹೆಜ್ಜೆಯೂ ಇಲ್ಲ.

ಆಟ ನಿಂತಿತ್ತು. ಲೌರಿಂದು ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡ. ಆಮೇಲೆ, ಎಸೆತ ಎದುರು ತಂಡದ್ದಾಗಿದ್ದರಿಂದ, ಅವರ ಹುಡುಗನ ಕೈಗೆ ಕೊಟ್ಟ.

"ಅದು ಯಾವ ಕಾಲಿನ ಹೊಡೆತ?" ಎರ್ಮೆಲಿಂಡಾ ಕೇಳಿದಳು. ಅವಳಿಗೆ ಕಣ್ಣು ಮೊದಲಿನಷ್ಟು ಕಾಣುತ್ತಿರಲಿಲ್ಲ.

"ಎಡದ್ದು."

"ಹಾಗಾದ್ರೆ ಅವನು ಅಲ್ಲೇ, ಕಡಲಲ್ಲೇ ಇದ್ದಾನೆ" ಎಂದಳು. ಆಟ ಮುಗಿಯುವವರೆಗೂ ಕಿರಿಮಗನ ಮುಖವನ್ನೇ ನೋಡುತ್ತ ಕೂತಳು.

ಮರುದಿನ ಕಪ್ಪು ಶಾಲು ಹೊದ್ದು ಬಂದಳು. ಗಂಡನ ಗೋರಿಕಲ್ಲಿನ ಮೇಲೆ ಜಾಗ ಉಳಿದಿದೆ, ಒಂದು ಗೀರು ಸೇರಿಸಿ ಅನ್ಸೆಲ್ಮುವಿನ ಗುರುತು ಕೊರೆದುಕೊಡು ಎಂದಳು. ಬಿಸಿಲಿಗೆ ಕಾದ ಕಲ್ಲು ಅದು. ಕೊರೆಯುತ್ತ ಹೋದಂತೆ ಉದುರಿದ ಪುಡಿ ನನ್ನ ಬೆರಳಿಗೆ ಒದ್ದೆಯಾಗಿ ಅಂಟಿತು.